ಅಂಗಿಗೆ ಹಚ್ಚಿದ ಸುಳ್ಳು ರಕ್ತ

ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯವನ್ನು ನಾವು ಮಕ್ಕಳಿಗೆ ಕತೆಯಾಗಿ ಹೇಳುತ್ತೇವೆ. ಆ ಅಧ್ಯಾಯದಲ್ಲಿ ಅಂಗಿ ಎರಡು ಸಲ ಸಾಕ್ಷಿಯಾಗಿ ಬರುತ್ತದೆ. ಅಣ್ಣಂದಿರು ಬಾಲಕ ಯೂಸುಫ್(ಅ)ರನ್ನು ಬಾವಿಗೆ ತಳ್ಳಿ, ಅವರ ಅಂಗಿಗೆ ಸುಳ್ಳು ರಕ್ತ ಹಚ್ಚಿ ತಂದು, ತೋಳ ತಿಂದಿತೆಂದು ತಂದೆಯ ಮುಂದೆ ಅಳುತ್ತಾರೆ. ಹಜ್ರತ್ ಯಾಕೂಬ್(ಅ)ರು ನಂಬುವುದಿಲ್ಲ. ಅಂಗಿಯಲ್ಲಿ ರಕ್ತವಿತ್ತು, ಆದರೆ ಅದು ಎಲ್ಲಿಯೂ ಹರಿದಿರಲಿಲ್ಲ ಎಂದು ತಫ್ಸೀರ್‌ಗಳಲ್ಲಿ ಬಂದಿದೆ. ಮಗುವನ್ನು ತಿಂದ ತೋಳ ಅಂಗಿಯನ್ನು ಜೋಪಾನವಾಗಿ ಬಿಟ್ಟುಹೋಗುವುದುಂಟೇ?

ಮುಂದೆ ಈಜಿಪ್ಟಿನ ಅಝೀಝನ ಮನೆಯಲ್ಲಿ ಯೂಸುಫ್(ಅ)ರ ಮೇಲೆ ಆರೋಪ ಬಂದಾಗ, ಆ ಮನೆಯವರಲ್ಲೇ ಒಬ್ಬರು ದಾರಿ ತೋರಿಸುತ್ತಾರೆ. ಅಂಗಿ ಮುಂದಿನಿಂದ ಹರಿದಿದ್ದರೆ ಆಕೆಯ ಮಾತು ನಿಜ, ಹಿಂದಿನಿಂದ ಹರಿದಿದ್ದರೆ ಆತನ ಮಾತು ನಿಜ. ಅಂಗಿ ಹಿಂದಿನಿಂದ ಹರಿದಿತ್ತು. ಅಲ್ಲಿಗೆ ವಾದ ಮುಗಿಯಿತು.

ಮನುಷ್ಯರ ಬಾಯಿಮಾತಿಗಿಂತ ವಸ್ತುಗಳ ಸಾಕ್ಷ್ಯವನ್ನು ಪರೀಕ್ಷಿಸುವ ಈ ಕ್ರಮಕ್ಕೆ ಇಂದು ವಿಧಿವಿಜ್ಞಾನ, ಅಂದರೆ ಫೋರೆನ್ಸಿಕ್ ತನಿಖೆ ಎನ್ನುತ್ತಾರೆ. ಕೊಲೆ, ಕಳ್ಳತನಗಳಲ್ಲಿ ಮಾತ್ರವಲ್ಲ, ರಸ್ತೆ ಅಪಘಾತದ ಪರಿಹಾರ ಕೇಳಿ ಬರುವ ಅರ್ಜಿಗಳಲ್ಲೂ ಈಗ ಇದು ನಡೆಯುತ್ತದೆ. ಮಹಿಳೆಯರು ಓದುವ ಪುಟದಲ್ಲಿ ಈ ವಿಷಯವೇಕೆ ಎಂದು ಕೇಳಬಹುದು. ರಸ್ತೆಯಲ್ಲಿ ಸಾಯುವವರಲ್ಲಿ ಹೆಚ್ಚಿನವರು ದುಡಿಯುವ ಗಂಡಸರು. ಪರಿಹಾರದ ಅರ್ಜಿಗೆ ಸಹಿ ಹಾಕುವವರು ಅವರ ಪತ್ನಿ ಅಥವಾ ತಾಯಿ. ಅರ್ಜಿಯಲ್ಲಿ ಸುಳ್ಳಿದ್ದರೆ ಆ ಸುಳ್ಳೂ ಅವರ ಹೆಸರಿನಲ್ಲೇ ಇರುತ್ತದೆ.

ಸಾವಿನ ಮನೆಗೆ ಬರುವ ಮಧ್ಯವರ್ತಿ

ಒಂದು ಉದಾಹರಣೆ ನೋಡೋಣ. ಇದು ಯಾರೊಬ್ಬರ ಮನೆಯ ಕತೆಯೂ ಅಲ್ಲ, ಆದರೆ ನ್ಯಾಯಾಲಯಗಳ ಮುಂದೆ ಬಂದ ಎಷ್ಟೋ ಪ್ರಕರಣಗಳ ಅಚ್ಚು ಇದೇ. ಕವಿ ಲಕ್ಷ್ಮೀಶನ ಊರೆಂದು ಕನ್ನಡಿಗರೆಲ್ಲ ಬಲ್ಲ ನಮ್ಮ ದೇವನೂರಿನ ಕಡೆಯ ಒಬ್ಬ ಯುವಕ ಕಡೂರಿನಲ್ಲಿ ಕೆಲಸ ಮುಗಿಸಿ ಸಂಜೆ ತನ್ನ ಬೈಕಿನಲ್ಲಿ ಊರಿಗೆ ಮರಳುತ್ತಿದ್ದಾನೆ ಎಂದಿಟ್ಟುಕೊಳ್ಳಿ. ನಾಯಿಯೊಂದು ಅಡ್ಡ ಬರುತ್ತದೆ. ಹೆಲ್ಮೆಟ್ ಇಲ್ಲ. ಬಿದ್ದು ತಲೆಗೆ ಪೆಟ್ಟಾಗುತ್ತದೆ. ದಾರಿಹೋಕರು ಆಸ್ಪತ್ರೆಗೆ ಸೇರಿಸುತ್ತಾರೆ. ಮೂರನೆಯ ದಿನ ಆತ ತೀರಿಕೊಳ್ಳುತ್ತಾನೆ. ಮನೆಯಲ್ಲಿ ಹೆಂಡತಿ, ಮೂರು ಮಕ್ಕಳು.

ದಫನ ಮುಗಿದು ವಾರವೂ ಆಗಿಲ್ಲ, ಒಬ್ಬ ಮಧ್ಯವರ್ತಿ ಮನೆಗೆ ಬರುತ್ತಾನೆ. ಹೆಂಡತಿ ಇದ್ದತ್‌ನಲ್ಲಿದ್ದಾಳೆ. ಪರದೆಯ ಆಚೆಯಿಂದ ಆತ ಹೇಳುತ್ತಾನೆ: “ತಾನಾಗಿ ಬಿದ್ದರೆ ಒಂದು ಕಾಸೂ ಬರೋದಿಲ್ಲ ಆಪಾ. ನನಗೆ ಪರಿಚಯದವರ ಗೂಡ್ಸ್ ಗಾಡಿಯೊಂದಿದೆ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆ. ಅದೇ ಬಂದು ಗುದ್ದಿತು ಅಂತ ಬರೆಸೋಣ. ಡ್ರೈವರ್ ಒಪ್ಪಿದ್ದಾನೆ. ನೀವು ಇಲ್ಲೊಂದು ಸಹಿ ಹಾಕಿ, ಮಿಕ್ಕಿದ್ದು ನಮಗೆ ಬಿಡಿ.” ಜೊತೆಗಿದ್ದವರೂ ದನಿಗೂಡಿಸುತ್ತಾರೆ: “ಕಂಪೆನಿ ದುಡ್ಡು ತಾನೇ, ಯಾರ ಮನೆಯದೂ ಅಲ್ಲವಲ್ಲ.” ಮೈದುನ ತಲೆಯಾಡಿಸುತ್ತಾನೆ. ಆಕೆ ಸಹಿ ಹಾಕುತ್ತಾಳೆ.

ಆಕೆಯ ಸ್ಥಿತಿಯಲ್ಲಿ ನಿಂತು ನೋಡದೆ ಆಕೆಯನ್ನು ದೂರುವುದು ಸುಲಭ. ಮಕ್ಕಳ ಶಾಲೆಯ ಶುಲ್ಕ, ಆಸ್ಪತ್ರೆಯ ಸಾಲ, ಅತ್ತೆಯ ಔಷಧಿ ಎಲ್ಲ ಆಕೆಯ ಕಣ್ಣ ಮುಂದಿವೆ. ಮಧ್ಯವರ್ತಿಗೂ ಇದು ಗೊತ್ತು. ಆದ್ದರಿಂದಲೇ ಆತ ಬರುವುದು ಆ ವಾರದಲ್ಲಿ.

ಬೇರೆ ಅಚ್ಚುಗಳೂ ಇವೆ. ನಿಜವಾಗಿಯೂ ವಾಹನವೊಂದು ಗುದ್ದಿ ಪರಾರಿಯಾಗಿರುತ್ತದೆ, ಅದರ ಜಾಗಕ್ಕೆ ವಿಮೆಯಿರುವ ಬೇರೆ ವಾಹನದ ಸಂಖ್ಯೆಯನ್ನು ತಂದು ಕೂರಿಸುತ್ತಾರೆ. ಓಡಿಸಿದವನಿಗೆ ಲೈಸೆನ್ಸ್ ಇಲ್ಲದಿದ್ದರೆ ಲೈಸೆನ್ಸ್ ಇರುವವನನ್ನು ಚಾಲಕನೆಂದು ತೋರಿಸುತ್ತಾರೆ. ಹೊಲದಲ್ಲೋ ಮನೆಯ ಮಾಳಿಗೆಯಿಂದಲೋ ಬಿದ್ದ ಗಾಯವನ್ನು ರಸ್ತೆಯ ಗಾಯವೆಂದು ಬರೆಸುತ್ತಾರೆ.

ವಸ್ತುಗಳು ಹೇಳುವ ಸಾಕ್ಷಿ

ಇಂಥ ಅರ್ಜಿ ಬಂದಾಗ ತನಿಖೆ ಹೇಗೆ ನಡೆಯುತ್ತದೆ? ಮೊದಲು ನೋಡುವುದು ಆಸ್ಪತ್ರೆಯ ಮೊದಲ ಬರಹವನ್ನು. ಗಾಯಾಳುವನ್ನು ಕರೆತಂದವರು ವೈದ್ಯರಿಗೆ ಏನು ಹೇಳಿದರೋ ಅದನ್ನು ಅವರು ಆ ಗಳಿಗೆಯಲ್ಲೇ ಬರೆದುಕೊಂಡಿರುತ್ತಾರೆ. ನಮ್ಮ ಉದಾಹರಣೆಯಲ್ಲಿ ಅಲ್ಲಿರುವುದು, ನಾಯಿ ಅಡ್ಡ ಬಂದು ಬೈಕಿನಿಂದ ಬಿದ್ದದ್ದು ಎಂದು. ವಾರದ ನಂತರದ ದೂರಿನಲ್ಲಿ ನಾಯಿ ಮಾಯವಾಗಿ ಗೂಡ್ಸ್ ಗಾಡಿ ಬಂದಿದೆ. 108 ಆಂಬುಲೆನ್ಸ್‌ಗೆ ಕರೆ ಹೋಗಿದ್ದರೆ ಕರೆಯ ಸಮಯ ಮತ್ತು ಸ್ಥಳ ಅಲ್ಲಿಯೂ ದಾಖಲಾಗಿರುತ್ತದೆ.

ಎರಡನೆಯದು ಸ್ಥಳ. ಪೊಲೀಸರು ಮಹಜರು ಮಾಡಿ ನಕ್ಷೆ ಬರೆಯುತ್ತಾರೆ. ಬ್ರೇಕ್ ಅದುಮಿದಾಗ ಚಕ್ರ ರಸ್ತೆಗೆ ಉಜ್ಜಿ ಉಳಿಯುವ ಕಪ್ಪು ಗುರುತಿನ ಉದ್ದದಿಂದ ವೇಗವನ್ನು ಲೆಕ್ಕ ಹಾಕಬಹುದು. ಒಣಗಿದ ಡಾಂಬರು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದ ವಾಹನ ಚಕ್ರ ಕಚ್ಚಿ ನಿಲ್ಲಲು ಸುಮಾರು 5 ಮೀಟರ್ ಬೇಕಾದರೆ, 60 ಕಿ.ಮೀ. ವೇಗದ ವಾಹನಕ್ಕೆ ಸುಮಾರು 20 ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ಗುರುತು ನಾಲ್ಕು ಪಟ್ಟು. ಭಯಂಕರ ವೇಗದಲ್ಲಿ ಬಂದು ಬ್ರೇಕ್ ಹಾಕಿ ಗುದ್ದಿತು ಎಂದು ದೂರಿನಲ್ಲಿ ಬರೆಸಿ, ರಸ್ತೆಯಲ್ಲಿ ಒಂದು ಗೆರೆಯೂ ಇಲ್ಲದಿದ್ದರೆ ಸಂಶಯ ಅಲ್ಲಿಂದಲೇ ಶುರುವಾಗುತ್ತದೆ.

ಮೂರನೆಯದು ವಾಹನ. ಮೋಟಾರು ವಾಹನ ನಿರೀಕ್ಷಕರು ಎರಡೂ ವಾಹನಗಳನ್ನು ಪರೀಕ್ಷಿಸುತ್ತಾರೆ. ಗುದ್ದಿದ ಜಾಗದ ಎತ್ತರ ಎರಡರಲ್ಲೂ ಹೊಂದಬೇಕು. ಗಾಡಿಯ ಬಂಪರ್ ಇರುವ ಎತ್ತರ ಒಂದು, ಬೈಕ್ ತಗ್ಗಿದ ಎತ್ತರ ಇನ್ನೊಂದಾದರೆ ಅವೆರಡೂ ಪರಸ್ಪರ ಮುಟ್ಟಿಯೇ ಇಲ್ಲ. ತಗ್ಗಿನೊಳಗೆ ಲೋಹ ಹೊಳೆಯುತ್ತಿದೆಯೋ ತುಕ್ಕು ಹಿಡಿದಿದೆಯೋ ನೋಡಿದರೆ ಪೆಟ್ಟು ಹೊಸದೋ ಹಳೆಯದೋ ತಿಳಿಯುತ್ತದೆ. ಎರಡು ವಾಹನ ಗುದ್ದಿದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ. ಈರುಳ್ಳಿಗೆ ಪದರಗಳಿರುವಂತೆ ವಾಹನದ ಬಣ್ಣಕ್ಕೂ ಪದರಗಳಿವೆ. ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಹೊಡೆಸಿದ್ದರೆ ಪದರ ಹೆಚ್ಚಿರುತ್ತದೆ. ಚಿಟಿಕೆ ಬಣ್ಣದ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಹೋಲಿಸಿ ನೋಡುತ್ತಾರೆ. ಒಡೆದ ದೀಪದ ಗಾಜನ್ನೂ ಹೀಗೆಯೇ ಹೋಲಿಸುತ್ತಾರೆ. ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಇಂಥ ಪರೀಕ್ಷೆಗಳಿಗೆ ವ್ಯವಸ್ಥೆ ಇದೆ.

ರಾತ್ರಿ ದೀಪ ಹಾಕಿರಲಿಲ್ಲ ಎಂಬ ವಾದ ಬಂದರೆ ಬಲ್ಬ್ ಕೂಡ ಮಾತಾಡುತ್ತದೆ. ಒಲೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಕಡ್ಡಿ ಸುಲಭವಾಗಿ ಬಾಗುತ್ತದಲ್ಲವೇ? ತಂತಿ ಇರುವ ಬಲ್ಬ್ ಉರಿಯುತ್ತಿದ್ದಾಗ ಪೆಟ್ಟು ಬಿದ್ದರೆ ಒಳಗಿನ ತಂತಿ ಎಳೆದಂತೆ ಸೊಟ್ಟಗಾಗುತ್ತದೆ. ಆರಿದ್ದರೆ ಹಾಗೆ ಹಿಗ್ಗುವುದಿಲ್ಲ, ತುಂಡಾದರೆ ನೆಟ್ಟಗೆ ತುಂಡಾಗುತ್ತದೆ.

ನಾಲ್ಕನೆಯದು ದೇಹ. ನಡೆದು ಹೋಗುವವರಿಗೆ ವಾಹನ ಗುದ್ದಿದರೆ ಕಾಲಿನಲ್ಲಿ ಬಂಪರ್ ಎತ್ತರದ ಪೆಟ್ಟು ಸಾಮಾನ್ಯ. ಬೈಕಿನಿಂದ ತಾನೇ ಜಾರಿ ಬಿದ್ದರೆ ಅಂಗೈ, ಮೊಣಕೈ, ಮಂಡಿ ತರಚುತ್ತವೆ. ಇವಲ್ಲದೆ ಗಾಡಿ ಆ ಹೊತ್ತಿಗೆ ಎಲ್ಲಿತ್ತು ಎಂಬುದಕ್ಕೆ ಟೋಲ್ ಗೇಟಿನ ಫಾಸ್ಟ್ಯಾಗ್, ಅಂಗಡಿಯ ಕ್ಯಾಮೆರಾ, ಚಾಲಕನ ಮೊಬೈಲ್ ಟವರ್ ಇವೆ. ಕಡೂರಿನಲ್ಲಿ ಗುದ್ದಿತೆಂದ ಗಾಡಿ ಆ ಸಂಜೆ ತುಮಕೂರಿನ ಟೋಲ್ ದಾಟುತ್ತಿದ್ದರೆ ಏನು ಹೇಳುವುದು?

ಆರೋಪಿಗಳ ಪಟ್ಟಿಯಲ್ಲಿ ಯಾರಿರುತ್ತಾರೆ

ಕರ್ನಾಟಕ ಹೈಕೋರ್ಟಿನ 2009ರಲ್ಲಿ ವರದಿಯಾದ ತೀರ್ಪೊಂದು ಈ ದಂಧೆಯ ಬಗ್ಗೆ ಕಠಿಣವಾಗಿ ಮಾತನಾಡಿತು. ವಕೀಲಿ, ವೈದ್ಯಕೀಯ ಮತ್ತು ಪೊಲೀಸ್ ವೃತ್ತಿಗಳಲ್ಲಿರುವ ಕೆಲವು ಅಪ್ರಾಮಾಣಿಕರು ಸೇರಿ ನ್ಯಾಯದಾನವನ್ನೇ ಅಣಕಿಸುತ್ತಿದ್ದಾರೆ ಎಂಬ ಕಳವಳ ಅದರಲ್ಲಿತ್ತು. ಉತ್ತರ ಪ್ರದೇಶದಲ್ಲಿ ಅಲಹಾಬಾದ್ ಹೈಕೋರ್ಟಿನ ಆದೇಶದಂತೆ 2015ರಲ್ಲಿ ಇದಕ್ಕೆಂದೇ ವಿಶೇಷ ತನಿಖಾ ತಂಡ ರಚನೆಯಾಯಿತು. 2021ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕದ ಪ್ರಕಾರ ಆ ತಂಡಕ್ಕೆ ಬಂದ ಸಂಶಯಾಸ್ಪದ ಪ್ರಕರಣಗಳು 1,376. ಅವುಗಳಲ್ಲಿ ವಿಚಾರಣೆ ಮುಗಿದದ್ದು 246. ಅಷ್ಟರಿಂದಲೇ 166 ಮಂದಿಯ ಮೇಲೆ ಮೇಲ್ನೋಟಕ್ಕೆ ಆರೋಪ ಕಂಡುಬಂದು 83 ಕ್ರಿಮಿನಲ್ ಪ್ರಕರಣಗಳು ದಾಖಲಾಗಿದ್ದವು.

ಆ ಆರೋಪಿಗಳಲ್ಲಿ ವಕೀಲರು, ಪೊಲೀಸರು, ವೈದ್ಯರು, ವಿಮಾ ಕಂಪೆನಿಯ ನೌಕರರು, ವಾಹನ ಮಾಲೀಕರು, ಚಾಲಕರು ಇದ್ದರು. ಅರ್ಜಿದಾರರೂ ಇದ್ದರು. ಅಂದರೆ ಸಹಿ ಹಾಕಿದವರು. ಸುಳ್ಳು ಸಾಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಮಿನಲ್ಲಿ 7 ವರ್ಷದವರೆಗೆ ಸೆರೆವಾಸವಿದೆ. ಹಣದಾಸೆಗೆ ‘ನಾನೇ ಗುದ್ದಿದೆ’ ಎಂದು ಒಪ್ಪಿಕೊಂಡ ಚಾಲಕ ನಿರ್ಲಕ್ಷ್ಯದಿಂದ ಸಾವು ತಂದ ಆರೋಪ ಹೊತ್ತು ಕೋರ್ಟಿಗೆ ಅಲೆಯಬೇಕು. ಆತನ ಮನೆಯಲ್ಲೂ ಹೆಂಡತಿ ಮಕ್ಕಳಿದ್ದಾರೆ.

‘ಕಂಪೆನಿ ದುಡ್ಡು’ ಎಂಬ ಮಾತೂ ಸರಿಯಲ್ಲ. ಅದು ವಾಹನವಿರುವ ಪ್ರತಿಯೊಬ್ಬರೂ ಕಟ್ಟಿದ ಕಂತಿನ ಹಣ, ನಿಜವಾಗಿ ನೊಂದವರಿಗೆಂದು ಇಟ್ಟದ್ದು. ಸುಳ್ಳು ಅರ್ಜಿಗಳು ಹೆಚ್ಚಿದಷ್ಟೂ ನಿಜವಾದ ವಿಧವೆಯನ್ನೂ ಅನುಮಾನದ ಕಣ್ಣಿನಿಂದ ನೋಡಲಾಗುತ್ತದೆ. ಆಕೆಯ ಅರ್ಜಿ ವರ್ಷಗಟ್ಟಲೆ ಎಳೆಯುತ್ತದೆ. ಹಾಗಾಗಿ ಮೋಸ ಹೋಗುವುದು ಕಂಪೆನಿಯಷ್ಟೇ ಅಲ್ಲ, ಇನ್ನೊಬ್ಬ ತಬ್ಬಲಿ ಮಗುವೂ ಹೌದು.

ಅನುಮಾನಕ್ಕೂ ಒಂದು ಮಿತಿ ಬೇಕು. ದೂರು ಕೊಡಲು ತಡವಾಯಿತು ಎಂಬ ಒಂದೇ ಕಾರಣಕ್ಕೆ ನ್ಯಾಯ ನಿರಾಕರಿಸಬಾರದು, ಆದರೆ ಅಂಥ ಪ್ರಕರಣವನ್ನು ಎಚ್ಚರದಿಂದ ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಮನೆಯವನನ್ನು ಉಳಿಸಿಕೊಳ್ಳಲು ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡುವವರಿಗೆ ಮೊದಲು ನೆನಪಾಗುವುದು ಠಾಣೆಯಲ್ಲ ಎಂಬುದನ್ನು ನ್ಯಾಯಾಲಯವೂ ಬಲ್ಲದು. ತಡಕ್ಕೆ ನಿಜವಾದ ಕಾರಣವಿದ್ದರೆ ಅದನ್ನು ಇದ್ದಂತೆ ಹೇಳಿದರೆ ಸಾಕು.

ಸತ್ಯದಲ್ಲೇ ಇದ್ದ ಹಕ್ಕು

ನಮ್ಮ ಉದಾಹರಣೆಗೆ ಮರಳೋಣ. ಮಧ್ಯವರ್ತಿ ‘ಒಂದು ಕಾಸೂ ಬರೋದಿಲ್ಲ’ ಎಂದ. ಅದು ನಿಜವೇ? ಬೈಕ್ ಆತನದ್ದೇ, ಲೈಸೆನ್ಸ್ ಚಾಲ್ತಿಯಲ್ಲಿತ್ತು. ಆತನ ವಿಮೆಯ ಕಾಗದದಲ್ಲಿ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಎಂಬ ಸಾಲಿದ್ದು, ಅದಕ್ಕೆ ಕಂತು ಕಟ್ಟಿದ್ದರೆ, ತಾನೇ ಬಿದ್ದು ಸತ್ತರೂ ವಾರಸುದಾರರಿಗೆ ಹಣ ಸಿಗುತ್ತದೆ. ದ್ವಿಚಕ್ರಕ್ಕೆ ಮೊದಲು 1 ಲಕ್ಷ ರೂ. ಇದ್ದ ಈ ಮೊತ್ತವನ್ನು 2018ರಲ್ಲಿ 15 ಲಕ್ಷ ರೂ.ಗೆ ಏರಿಸಲಾಯಿತು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂ. ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಿದ್ದರೆ ಅಪಘಾತದ ಸಾವಿಗೆ ಇನ್ನೂ 2 ಲಕ್ಷ ರೂ. ಇದೆ. ಗೂಡ್ಸ್ ಗಾಡಿ ಗುದ್ದಿತೆಂದು ಒಮ್ಮೆ ಬರೆದುಕೊಟ್ಟ ಮೇಲೆ, ಆತ ತಾನೇ ಬಿದ್ದ ಎಂದು ಇನ್ನೊಂದು ಕಡೆ ಹೇಳಲು ಬಾಯಿ ಬರುತ್ತದೆಯೇ? ಆಕೆಯ ಸುಳ್ಳು ಆಕೆಯ ಸತ್ಯಕ್ಕೇ ಅಡ್ಡ ನಿಲ್ಲುತ್ತದೆ.

ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದರೂ ಕಾನೂನು ಕೈಬಿಟ್ಟಿಲ್ಲ. ಮೊದಲು ಇಂಥ ಸಾವಿಗೆ ಸಿಗುತ್ತಿದ್ದುದು ಬರೀ 25,000 ರೂ. ಬೇರೆ ವಾಹನ ತಂದು ಕೂರಿಸುವ ಚಟಕ್ಕೆ ಅದೂ ಒಂದು ಕಾರಣವಾಗಿತ್ತು. 2022ರ ಏಪ್ರಿಲ್ 1ರಿಂದ ಅದು ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂ. ಆಗಿದೆ. ಅರ್ಜಿಯನ್ನು ವಕೀಲರಿಲ್ಲದೆ ತಹಸೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯ ಮೂಲಕವೇ ಸಲ್ಲಿಸಬಹುದು.

ಹಾಗೆಂದು ಎಲ್ಲ ಸಾವಿಗೂ ಹಣ ಸಿಗುವುದಿಲ್ಲ. ಇಳಕಲ್‌ನಿಂದ ಗೂಡೂರಿಗೆ ಬೇರೆಯವರ ಬೈಕಿನಲ್ಲಿ ಹೋಗುತ್ತಿದ್ದವರು ಮುಂದಿನ ಎತ್ತಿನ ಗಾಡಿಗೆ ತಾಗಿ ಸತ್ತ ಪ್ರಕರಣದಲ್ಲಿ, ಎರವಲು ತಂದವನು ಮಾಲೀಕನ ಸ್ಥಾನದಲ್ಲೇ ಇರುವುದರಿಂದ, ತಪ್ಪು ಯಾರದೆಂದು ನೋಡದೆ ಕೊಡುವ ಪರಿಹಾರ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಬೇರೆ ಕಲಮಿನಡಿ ಹಕ್ಕಿದೆಯೇ ನೋಡಿರೆಂದು ಪ್ರಕರಣವನ್ನು ಹೈಕೋರ್ಟಿಗೆ ಕಳಿಸಿತು. ಸಿಗದ ಕಡೆ ಸಬರ್ ಬೇಕು. ಸಿಗಬಹುದಾದ ದಾರಿಗಳನ್ನು ಮಾತ್ರ ಕೇಳಿ ತಿಳಿಯಬೇಕು.

ಮನೆಯವರು ಮಾಡಬೇಕಾದ್ದು

ಅಪಘಾತದ ಸುದ್ದಿ ಬಂದಾಗ ಆಸ್ಪತ್ರೆಯಲ್ಲಿ ನಡೆದುದನ್ನು ಇದ್ದಂತೆ ಹೇಳಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿರಿ. ಆ ಒಂದು ಸಾಲು ವರ್ಷಗಳ ನಂತರವೂ ನಿಮ್ಮ ಪರವಾಗಿ ನಿಲ್ಲುತ್ತದೆ.

ರಕ್ತದ ಬಟ್ಟೆಯನ್ನು ತೊಳೆಯಬೇಡಿ, ಸುಡಬೇಡಿ. ಅದರಲ್ಲಿ ಗುದ್ದಿದ ವಾಹನದ ಬಣ್ಣದ ಚೂರು, ಗಾಜಿನ ಪುಡಿ ಇರಬಹುದು. ನೆರಳಲ್ಲಿ ಒಣಗಿಸಿ, ಪ್ಲಾಸ್ಟಿಕ್ ಚೀಲದ ಬದಲು ಕಾಗದದಲ್ಲಿ ಸುತ್ತಿ ಪೊಲೀಸರಿಗೆ ಕೊಡಿ. ಪರೀಕ್ಷೆ ಆಗುವವರೆಗೆ ಬೈಕನ್ನು ಗ್ಯಾರೇಜಿಗೆ ಕಳಿಸಬೇಡಿ.

ಮಯ್ಯಿತನ್ನು ಬೇಗ ದಫನ ಮಾಡಬೇಕೆಂಬ ಕಾಳಜಿಯಲ್ಲಿ ಪೋಸ್ಟ್‌ಮಾರ್ಟಂ ಬೇಡವೆಂದು ಹಟ ಹಿಡಿಯುವುದು ನಮ್ಮಲ್ಲಿ ಹೆಚ್ಚು. ಮಯ್ಯಿತಿನ ಗೌರವ ನಮ್ಮ ಕರ್ತವ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾವಿನ ಕಾರಣ ತಿಳಿದು ಹಕ್ಕು ಉಳಿಸುವ ಅಗತ್ಯವಿದ್ದಾಗ ಇದಕ್ಕೆ ಅನುಮತಿ ಇದೆಯೆಂದು ಈ ಕಾಲದ ಅನೇಕ ಫಿಕ್‌ಹ್ ವಿದ್ವಾಂಸರು ಹೇಳಿದ್ದಾರೆ. ಆ ವರದಿಯಿಲ್ಲದೆ ನಿಜವಾದ ಅಪಘಾತವೂ ಸಂಶಯಾಸ್ಪದವಾಗುತ್ತದೆ.

2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು. 10 ದಿನದೊಳಗೆ ನಿಮ್ಮ ಹಕ್ಕುಗಳನ್ನು ತಿಳಿಸುವ ಪತ್ರ ಕೊಡಬೇಕು, 90 ದಿನದೊಳಗೆ ಪೂರ್ಣ ವರದಿ ಸಲ್ಲಿಸಬೇಕು. ಆ ಪತ್ರವನ್ನು ಕೇಳಿ ಪಡೆಯಿರಿ.

ಅರ್ಜಿ ಹಾಕಲು ಕಾನೂನು ಕೊಟ್ಟಿರುವ ಅವಧಿ ಅಪಘಾತದ ದಿನದಿಂದ 6 ತಿಂಗಳು. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದ್ದು, ಅವಧಿ ಮೀರಿದ ಕಾರಣಕ್ಕಷ್ಟೇ ಅರ್ಜಿ ತಳ್ಳಿಹಾಕಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂದಿದೆ. ಆದರೂ ಅದನ್ನೇ ನೆಚ್ಚಿ ಕೂರುವುದು ಜಾಣತನವಲ್ಲ. ವಿಧವೆಯ ಇದ್ದತ್ 4 ತಿಂಗಳು 10 ದಿನ. ಇದ್ದತ್ ಮುಗಿಯಲಿ ನೋಡೋಣ ಎಂದರೆ ಉಳಿಯುವುದು ಎರಡು ತಿಂಗಳಿಗೂ ಕಡಿಮೆ. ತಂದೆಯೋ ಅಣ್ಣನೋ ಕಾಗದಗಳನ್ನು ಸೇರಿಸಬಹುದು. ತೀರಾ ಅಗತ್ಯಕ್ಕೆ ಹಗಲಲ್ಲಿ ಹೊರಹೋಗಿ ಬರಲು ಇದ್ದತ್‌ನಲ್ಲಿರುವ ವಿಧವೆಗೆ ಅವಕಾಶವಿದೆ ಎಂಬುದನ್ನೂ ಮನೆಯ ಹಿರಿಯರು ನೆನಪಿಡಬೇಕು.

ವಕೀಲರ ಶುಲ್ಕಕ್ಕೆ ಹಣವಿಲ್ಲವೆಂದು ಮಧ್ಯವರ್ತಿಯ ಕೈಗೆ ಬೀಳಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ಕೇಂದ್ರದ ನ್ಯಾಯಾಲಯದಲ್ಲೇ ಅದರ ಸಮಿತಿ ಇದೆ. ಓದಿಸಿಕೊಳ್ಳದೆ ಯಾವ ಕಾಗದಕ್ಕೂ ಸಹಿ, ಹೆಬ್ಬೆಟ್ಟು ಹಾಕಬೇಡಿ. ಪಾಸ್‌ಬುಕ್ ಮತ್ತು ಖಾಲಿ ಚೆಕ್ ಕೇಳುವವನು ನಿಮ್ಮ ಹಿತೈಷಿಯಲ್ಲ.

ನಮ್ಮ ಮೇಲಿನ ಸಾಕ್ಷಿ

ವಿಮೆಯ ಒಪ್ಪಂದದ ಬಗ್ಗೆ ಉಲಮಾಗಳ ನಡುವೆ ಇರುವ ಚರ್ಚೆ ಬೇರೆಯೇ ವಿಷಯ. ಆದರೆ ಸುಳ್ಳು ಹೇಳಿ ಪಡೆದ ಹಣದ ಬಗ್ಗೆ ಯಾವ ಭಿನ್ನಾಭಿಪ್ರಾಯವೂ ಇಲ್ಲ. ಪರರ ಸೊತ್ತನ್ನು ಅನ್ಯಾಯವಾಗಿ ತಿನ್ನಬೇಡಿ, ಅದಕ್ಕಾಗಿ ನ್ಯಾಯಾಧಿಕಾರಿಗಳ ಬಳಿಗೆ ಹೋಗಬೇಡಿ ಎಂಬ ತಾಕೀತು ಅಲ್‌ಬಕರ ಅಧ್ಯಾಯದ 188ನೇ ಸೂಕ್ತದಲ್ಲಿದೆ. ವಾದಚತುರನ ಮಾತು ಕೇಳಿ ತಾನು ಆತನ ಪರ ತೀರ್ಪು ಕೊಟ್ಟರೂ, ಅದು ಇನ್ನೊಬ್ಬರ ಹಕ್ಕಾಗಿದ್ದರೆ ಆತ ಪಡೆಯುವುದು ಬೆಂಕಿಯ ತುಂಡು ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಸ್ವತಃ ಪ್ರವಾದಿಯವರ(ಸ) ತೀರ್ಪೇ ಆ ಸೊತ್ತನ್ನು ಹಲಾಲ್ ಮಾಡದಿರುವಾಗ, ನ್ಯಾಯಮಂಡಳಿಯ ತೀರ್ಪಿನಿಂದ ಅದು ಹಲಾಲ್ ಆದೀತೇ?

ಮಹಾಪಾಪಗಳನ್ನು ಹೇಳುತ್ತಾ ಒರಗಿ ಕುಳಿತಿದ್ದ ಪ್ರವಾದಿ(ಸ)ರು ಸುಳ್ಳು ಸಾಕ್ಷಿಯ ಮಾತು ಬಂದಾಗ ನೆಟ್ಟಗೆ ಕುಳಿತು, ಇನ್ನು ನಿಲ್ಲಿಸಬಾರದೇ ಎಂದು ಸಹಾಬಿಗಳಿಗೆ ಅನಿಸುವಷ್ಟು ಸಲ ಅದನ್ನೇ ಹೇಳಿದರು. ನಮ್ಮ ನೆರೆಯವರ ಪರವಾಗಿ ‘ನಾನು ಕಣ್ಣಾರೆ ಕಂಡೆ’ ಎಂದು ಹೇಳಿಬಿಡುವುದನ್ನು ಉಪಕಾರವೆಂದು ತಿಳಿದವರು ಇದನ್ನು ನೆನಪಿಡಬೇಕು. ಹಾಗೆಯೇ, ನಿಜವಾಗಿ ಕಂಡವರು ಕೋರ್ಟಿನ ತೊಂದರೆ ಬೇಡವೆಂದು ಸಾಕ್ಷ್ಯ ಮುಚ್ಚಿಡುವುದೂ ಪಾಪವೇ. ನಿಜ ಕಂಡವರು ಬಾಯಿ ಬಿಡದ ಕಡೆಯೇ ಸುಳ್ಳು ಸಾಕ್ಷಿಗೆ ಬೆಲೆ ಬರುತ್ತದೆ.

ವಿಧವೆಯ ಮನೆಗೆ ಮಧ್ಯವರ್ತಿ ಕಾಲಿಡುವ ಮೊದಲು ಜಮಾಅತಿನವರು ಹೋಗಬೇಕು. ಮೂರು ದಿನ ಊಟ ಕಳಿಸಿದರೆ ಕರ್ತವ್ಯ ಮುಗಿಯಲಿಲ್ಲ. ವಿಮೆಯ ಕಾಗದ ಹುಡುಕಿ ಓದಿ ಹೇಳುವುದು, ಠಾಣೆಗೆ ಜೊತೆಗೆ ಹೋಗುವುದು, ಮಕ್ಕಳ ಆ ವರ್ಷದ ಶುಲ್ಕ ಕಟ್ಟುವುದು ಇವೂ ತಾಝಿಯತ್ತಿನ ಭಾಗವೇ. ಹಸಿದ ಮಕ್ಕಳನ್ನು ಮುಂದೆ ಕೂರಿಸಿಕೊಂಡ ತಾಯಿಗೆ ಸತ್ಯ ಹೇಳು ಎಂದು ಬೋಧಿಸುವುದಕ್ಕಿಂತ ಮೊದಲು, ಸತ್ಯ ಹೇಳಿದರೂ ಆಕೆಯ ಒಲೆ ಆರದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ಸಹೋದರಿಯರೇ, ಇಂದೇ ಮನೆಯ ಕಪಾಟಿನಿಂದ ಗಾಡಿಯ ವಿಮೆಯ ಕಾಗದವನ್ನು ಹೊರತೆಗೆದು ಯಾರಿಂದಲಾದರೂ ಓದಿಸಿ. ಅದು ಚಾಲ್ತಿಯಲ್ಲಿದೆಯೇ, ಮಾಲೀಕ-ಚಾಲಕನ ವಿಮೆಯ ಸಾಲಿದೆಯೇ, ವಾರಸುದಾರರ ಹೆಸರಿದೆಯೇ ನೋಡಿ. ಗಂಡನಿಗೂ ಮಗನಿಗೂ ಹೆಲ್ಮೆಟ್ ಕೈಗಿಟ್ಟೇ ಕಳಿಸಿ. ಅಲ್ಲಾಹನು ನಮ್ಮ ಮನೆಯವರನ್ನು ದಾರಿಯ ಆಪತ್ತುಗಳಿಂದಲೂ, ನಮ್ಮ ನಾಲಗೆಯನ್ನು ಸುಳ್ಳು ಸಾಕ್ಷಿಯಿಂದಲೂ ಕಾಪಾಡಲಿ. ಆಮೀನ್.